ಒಂದೇ ಕಾಲುವೆಯ ನೀರಿಗೆ

ಜಯನಗರ ನಾಲ್ಕನೇ ಟಿ ಬ್ಲಾಕ್
6 ಜನವರಿ 2025

ಮಾನ್ಯ ಶರಣಮ್ಮನವರಿಗೆ ನಮಸ್ಕಾರ.

ನಿಮ್ಮ ವಿಳಾಸ ಕೊಟ್ಟವರು ಕತ್ರಿಗುಪ್ಪೆಯ ಪ್ರಕಾಶಕ ಚೈತನ್ಯ. ಕೊಡುವಾಗ ಅವರು ನನ್ನ ಮುಖ ನೋಡಲಿಲ್ಲ. ಕಾರಣ ಇಷ್ಟರಲ್ಲಿ ನಿಮಗೂ ತಿಳಿದಿರಬೇಕು. ಇಟಲಿಯ ಆ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಕೆಲಸವನ್ನು ಅವರು ನನಗೂ ಒಪ್ಪಿಸಿದ್ದಾರೆ, ನಿಮಗೂ ಒಪ್ಪಿಸಿದ್ದಾರೆ. ಯಾರಿಗೂ ಇಲ್ಲ ಎನ್ನಲಾರದ ಸ್ವಭಾವ. “ಸಾರ್, ನೀವಿಬ್ರೂ ಮಾತಾಡ್ಕೊಂಡು ಯಾರು ಮಾಡ್ತೀರ ಅಂತ ಯುಗಾದಿಯೊಳಗೆ ಹೇಳ್ಬಿಡಿ, ಸಾಕು” ಎಂದು ತಲೆ ತಗ್ಗಿಸಿ ಕಾಫಿ ತರಿಸಿದರು.

ಫೋನಿನಲ್ಲಿ ಮಾತಾಡಬಹುದಿತ್ತು. ಆದರೆ ಎದುರಿನವರು ಹೇಳಿದ್ದಕ್ಕೆಲ್ಲ ಫೋನಿನಲ್ಲಿ ನಾನು ‘ಆಯ್ತು’ ಎಂದುಬಿಡುತ್ತೇನೆ. ಮುಖಾಮುಖಿಯಾದರೆ ಇನ್ನೂ ಕಷ್ಟ. ಆದ್ದರಿಂದ ಪತ್ರ.

ನಾನು ವಿಮೆ ಕಚೇರಿಯಲ್ಲಿದ್ದು ನಿವೃತ್ತನಾದವನು. ಅನುವಾದಿತ ಕಾದಂಬರಿಗಳನ್ನು ಓದುತ್ತ ಬಂದಿದ್ದೇನೆ. ಅನುವಾದಿಸು ಎಂದು ನನಗೆ ಯಾರಾದರೂ ಹೇಳಿದ್ದು ಇದೇ ಮೊದಲು. ಮೂರು ಅಧ್ಯಾಯಗಳ ಕರಡು ಮುಗಿದಿದೆ. ಮೊದಲ ವಾಕ್ಯದಲ್ಲಿರುವ ‘ರೈವಲ್’ ಎಂಬ ಪದಕ್ಕೆ ‘ಪ್ರತಿಸ್ಪರ್ಧಿ’ ಎಂದು ಬರೆದಿದ್ದೇನೆ. “ಹುಟ್ಟುವ ಮೊದಲೇ ಅವರು ಪ್ರತಿಸ್ಪರ್ಧಿಗಳಾಗಿದ್ದರು.” ನೀವು ಏನು ಬರೆದಿದ್ದೀರಿ ಎಂದು ತಿಳಿಯುವ ಕುತೂಹಲವಿದೆ.

ಕಾಲಿನ ತೊಂದರೆಯಿಂದ ನೀವು ಚೈತನ್ಯರ ಮೂರನೇ ಮಹಡಿಗೆ ಹತ್ತಲಾಗಲಿಲ್ಲವೆಂದು ಕೇಳಿದೆ. ಈ ವಯಸ್ಸಿನಲ್ಲಿ ಮೆಟ್ಟಿಲುಗಳು ಯಾರಿಗೂ ಹಿತವಲ್ಲ. ಮಂಡಿಗೆ ಬಿಸಿ ಎಳ್ಳೆಣ್ಣೆ ಒಳ್ಳೆಯದು.

ಇಂತಿ,
ಸಂಜೀವಯ್ಯ


ಸುಬ್ರಹ್ಮಣ್ಯಪುರ
14 ಜನವರಿ 2025, ಸಂಕ್ರಾಂತಿ

ಸಂಜೀವಯ್ಯನವರಿಗೆ ನಮಸ್ಕಾರ.

ಮಂಡಿಗಳನ್ನು ವಿಚಾರಿಸಿದ್ದಕ್ಕೆ ಧನ್ಯವಾದ. ಅವು ಚೆನ್ನಾಗಿವೆ.

ನೀವು ಬಾಯಿಬಿಟ್ಟು ಕೇಳದಿದ್ದರೂ ನಿಮ್ಮ ಪತ್ರ ಕೇಳಿದ್ದು ಏನೆಂದು ಅರ್ಥವಾಯಿತು. ಉತ್ತರವನ್ನು ನಾನು ಬಾಯಿಬಿಟ್ಟೇ ಹೇಳುತ್ತೇನೆ: ಬಿಟ್ಟುಕೊಡಲಾರೆ. ಇದು ನನಗೂ ಮೊದಲ ಪುಸ್ತಕ. ಆಗಲೇ ನಮ್ಮೂರು ಕಾರಟಗಿಯಲ್ಲಿ ಅರ್ಧ ಜನಕ್ಕೆ ಸುದ್ದಿ ಹೋಗಿದೆ. ಉಳಿದರ್ಧಕ್ಕೆ ಈ ಹಬ್ಬದಲ್ಲಿ ಹೋಗಿರುತ್ತದೆ.

ನಿಮ್ಮ ‘ಪ್ರತಿಸ್ಪರ್ಧಿ’ಯನ್ನು ಓದಿದಾಗ ನನಗೆ ಕಾಲೇಜಿನ ಚರ್ಚಾಸ್ಪರ್ಧೆಯ ವೇದಿಕೆ ಕಂಡಿತು, ಪಕ್ಕದಲ್ಲಿ ಗಂಟೆ ಹಿಡಿದ ಸಮಯಪಾಲಕರ ಸಮೇತ. ನಾನು ‘ಎದುರಾಳಿ’ ಎಂದು ಬರೆದಿದ್ದೆ. ಅದೂ ಕುಸ್ತಿ ಕಣದ ಮಾತೇ, ಗೊತ್ತಿದೆ. ಆದರೆ ಕಾದಂಬರಿಯ ಬ್ರೂನೋ, ಎಲಿಯೋ ಇಬ್ಬರೂ ಭತ್ತದ ರೈತರು. ಅವರ ಗದ್ದೆಗಳ ನಡುವೆ ಇರುವುದು ಒಂದು ಕಾಲುವೆ, ಕುಸ್ತಿಯ ಅಖಾಡವಲ್ಲ. ಕಾಲುವೆ ಎಂದಾಗ ಒಂದು ಅನುಮಾನ: ‘ರೈವಲ್’ಗೂ ‘ರಿವರ್’ಗೂ ಏನಾದರೂ ನಂಟಿದೆಯೇ? ನೋಡಿದರೆ ಒಂದೇ ಮನೆಯವರ ಹಾಗೆ ಕಾಣುತ್ತವೆ. ನನ್ನ ಬಳಿ ದೊಡ್ಡ ನಿಘಂಟು ಇಲ್ಲ.

ಇದರ ಜೊತೆ ಎಳ್ಳುಬೆಲ್ಲದ ಪೊಟ್ಟಣವಿದೆ. ನಮ್ಮ ಮನೆಯ ಓನರ್ ಮುನಿಲಕ್ಷ್ಮಮ್ಮ ಕೊಟ್ಟದ್ದು. “ಯಾರ್ಗಾದ್ರೂ ಕೊಟ್ಟು ಒಳ್ಳೇ ಮಾತಾಡಮ್ಮ, ಬರೀ ಲ್ಯಾಪ್‌ಟಾಪ್ ಜೊತೆ ಮಾತಾಡ್ತೀಯ” ಎಂದರು. ಕೊಟ್ಟಿದ್ದೇನೆ. ಒಳ್ಳೆಯ ಮಾತಿಗೆ ಈ ಪತ್ರದಲ್ಲಿ ಜಾಗ ಸಾಲಲಿಲ್ಲ.

ಶರಣಮ್ಮ


ಜಯನಗರ
22 ಜನವರಿ 2025

ಮಾನ್ಯ ಶರಣಮ್ಮನವರೇ,

ಎಳ್ಳುಬೆಲ್ಲ ಅಂಚೆಯ ಏಟಿಗೆ ಪುಡಿಯಾಗಿತ್ತು. ಚಮಚದಲ್ಲಿ ತಿಂದೆ. ಚೆನ್ನಾಗಿತ್ತು.

ನಿಮ್ಮ ಪ್ರಶ್ನೆಯಿಂದ ನನ್ನ ವಾರವೆಲ್ಲ ಹೋಯಿತು. ಇಂಥ ವಾರ ನನಗೆ ಬಹಳ ದಿನಗಳಿಂದ ಸಿಕ್ಕಿರಲಿಲ್ಲ. ಮೊದಲು ನಿರಾಶೆಯ ಸುದ್ದಿ: ‘ರೈವಲ್’, ‘ರಿವರ್’ ಒಂದೇ ಮನೆಯವರಲ್ಲ. ‘ರಿವರ್’ ಬಂದದ್ದು ಲ್ಯಾಟಿನ್ನಿನ ‘ರೀಪಾ’ದಿಂದ. ರೀಪಾ ಎಂದರೆ ನೀರಲ್ಲ, ದಡ. ದಡಕ್ಕೆ ಬಂದು ಸೇರುವುದರಿಂದಲೇ ‘ಅರೈವ್’ ಹುಟ್ಟಿತು. ನಾವು ಬಸ್ಸಿನಲ್ಲಿ ಬಂದಿಳಿದರೂ ಆ ಪದದ ಪ್ರಕಾರ ದೋಣಿಯಿಂದಲೇ ಇಳಿಯುತ್ತೇವೆ.

ಈಗ ನಿಮ್ಮ ಅನುಮಾನ ಗೆಲ್ಲುವ ಭಾಗ. ‘ರೈವಲ್’ ಬಂದದ್ದು ‘ರೀವುಸ್’ನಿಂದ, ತೊರೆ, ಕಾಲುವೆ ಎಂದರ್ಥ. ‘ರೀವಾಲಿಸ್’ ಎಂದರೆ ಆ ಕಾಲುವೆಯವನು. ರೋಮಿನ ಕಾನೂನು ಪಂಡಿತರು ಇದನ್ನು ಬಿಡಿಸಿಯೇ ಹೇಳಿದ್ದಾರೆ: ಒಂದೇ ಕಾಲುವೆಯಿಂದ ನೀರು ಹಾಯಿಸಿಕೊಳ್ಳುವವರು ರೀವಾಲಿಸರು. ಕತ್ತಿ ಇಲ್ಲ, ಕುಸ್ತಿ ಇಲ್ಲ. ಬರೀ ಇಬ್ಬರು ರೈತರು ಮತ್ತು ನೀರು. ಜಗಳ ಆಮೇಲೆ ಬಂತು. ಒಂದೇ ಹೆಣ್ಣನ್ನು ಬಯಸುವ ಇಬ್ಬರಿಗೆ ರೋಮಿನ ನಾಟಕಕಾರರು ಈ ಹೆಸರಿಟ್ಟು ನಗಿಸಿದರು. ನಾಟಕ ಉಳಿಯಿತು, ಕಾಲುವೆ ಮರೆತುಹೋಯಿತು.

ಇನ್ನೊಂದಿದೆ. ‘ಡಿರೈವ್’ ಕೂಡ ಇದೇ ರೀವುಸ್‌ನ ಮಗು: ಕಾಲುವೆಯಿಂದ ನೀರನ್ನು ಬೇರೆ ಕಡೆಗೆ ತಿರುಗಿಸುವುದು. ಒಂದು ಪದ ಇನ್ನೊಂದರಿಂದ ‘ಡಿರೈವ್’ ಆಯಿತು ಎನ್ನುವಾಗಲೆಲ್ಲ ನಾವು ಯಾರದೋ ಗದ್ದೆಗೆ ನೀರು ಬಿಡುತ್ತಿದ್ದೇವೆ. ಇದನ್ನು ಓದಿ ಎದ್ದು ಕೋಣೆಯಲ್ಲಿ ಎರಡು ಸುತ್ತು ಹಾಕಿದೆ. ಹೇಳಲು ಯಾರೂ ಸಿಗಲಿಲ್ಲ. ಪಕ್ಕದ ಮನೆಯ ಪಾಪಯ್ಯನವರಿಗೆ ಹೇಳಿದೆ. “ಸಾರ್, ಮೊದ್ಲು ತಿಂಡಿ ತಿನ್ನಿ” ಎಂದರು.

ಹೀಗಿರುವಾಗ ನನ್ನ ‘ಪ್ರತಿಸ್ಪರ್ಧಿ’ಯೂ ನಿಮ್ಮ ‘ಎದುರಾಳಿ’ಯೂ ಎರಡೂ ತಪ್ಪು. ಕಾದಂಬರಿ ಬರೆದವರಿಗೆ ಇದು ಗೊತ್ತಿತ್ತು ಎಂದು ನನಗೀಗ ಖಾತ್ರಿಯಿದೆ.

ಎಳ್ಳೆಣ್ಣೆಗೆ ಸ್ವಲ್ಪ ಕರ್ಪೂರ ಹಾಕಿದರೆ ಇನ್ನೂ ಪರಿಣಾಮಕಾರಿ ಎಂದು ಪಾಪಯ್ಯನವರ ಮನೆಯವರು ಹೇಳಿದರು.

ಸಂಜೀವಯ್ಯ


ಸುಬ್ರಹ್ಮಣ್ಯಪುರ
2 ಫೆಬ್ರವರಿ 2025

ಸಂಜೀವಯ್ಯನವರೇ,

ನಿಮ್ಮ ಪತ್ರವನ್ನು ಆಫೀಸಿಗೆ ಹೋಗುವ ಬಸ್ಸಿನಲ್ಲಿ ಓದಿ ಇಳಿಯಬೇಕಾದ ಸ್ಟಾಪ್ ಬಿಟ್ಟುಬಿಟ್ಟೆ. (ಹೌದು, ನಾನು ಇನ್ನೂ ಆಫೀಸಿಗೆ ಹೋಗುತ್ತೇನೆ. ಮಂಡಿಗಳು ಸಹಕರಿಸುತ್ತಿವೆ.)

ನಾನು ರೀವಾಲಿಸರ ಊರಿನವಳು! ಕಾರಟಗಿಯ ಭತ್ತವೆಲ್ಲ ತುಂಗಭದ್ರೆಯ ಕಾಲುವೆಯ ನೀರಿನದು. ನಮ್ಮಪ್ಪನ ಹೊಲ ಕಾಲುವೆಯ ಕೊನೆ ಭಾಗದಲ್ಲಿ. ನಮ್ಮ ಕಡೆ ಸರದಿಗೆ ಪಾಳಿ ಎನ್ನುತ್ತೇವೆ. ಅಪ್ಪನ ಪಾಳಿ ಬಂದ ದಿನ ಊಟಕ್ಕೆ ಕರೆಯಲು ಹೋದರೆ, “ನೀರಿಗೆ ನಿಂತೀನವ್ವಾ, ರೊಟ್ಟಿ ಇಲ್ಲೇ ತಾ” ಎನ್ನುತ್ತಿದ್ದ. ಗುದ್ದಲಿ ಹಿಡಿದು ಬದುವಿನ ಮೇಲೆ ನಿಂತೇ ರೊಟ್ಟಿ ತಿನ್ನುತ್ತಿದ್ದ. ಆಚೆ ಬದುವಿನ ಮೇಲೆ ಗುರುಸಿದ್ದ ಕಾಕಾ ತನ್ನ ಪಾಳಿಗೆ ಕಾಯುತ್ತ ನಿಂತಿರುತ್ತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಉಪ್ಪಿನಕಾಯಿ ಮಾತ್ರ ಕಾಕಾನ ಡಬ್ಬಿಯಿಂದಲೇ ಬರುತ್ತಿತ್ತು.

ಇನ್ನು ಇಲ್ಲಿಯ ಕಥೆ. ಮುನಿಲಕ್ಷ್ಮಮ್ಮನವರ ಗಂಡ ತಿಮ್ಮರಾಯಪ್ಪನವರದೂ ಪಕ್ಕದ ಬಿಲ್ಡಿಂಗಿನ ಕೆಂಪರಾಜು ಅವರದೂ ಹಿಂದೆ ಕೆರೆಯ ಕೆಳಗೆ ಅಕ್ಕಪಕ್ಕದ ಗದ್ದೆಗಳಂತೆ. ಗದ್ದೆ ಹೋಗಿ ಮನೆಗಳಾದವು, ಕಾಂಪೌಂಡಿನ ವಿಷಯಕ್ಕೆ ಮಾತು ನಿಂತುಹೋಯಿತು. ಆದರೆ ಚೆನ್ನಾಗಿದ್ದ ಕಾಲದಲ್ಲಿ ಇಬ್ಬರೂ ಸೇರಿ ಕೊರೆಸಿದ ಬೋರ್‌ವೆಲ್ ಒಂದೇ ಇದೆ. ಒಂದು ಮೋಟರು, ಎರಡು ಮನೆಗಳ ನೆಲದಡಿಯ ಸಂಪುಗಳಿಗೆ ಒಂದೊಂದು ವಾಲ್ವ್.

ಬೆಳಗ್ಗೆ ನಮ್ಮ ಸಂಪು ತುಂಬುತ್ತಲೇ ತಿಮ್ಮರಾಯಪ್ಪ ಲುಂಗಿ ಕಟ್ಟಿಕೊಂಡು ಹೋಗಿ ನಮ್ಮ ವಾಲ್ವ್ ಮುಚ್ಚಿ, ತಮ್ಮ ಕೈಯಾರೆ ಕೆಂಪರಾಜು ಅವರ ವಾಲ್ವ್ ತಿರುಗಿಸಿ ಬರುತ್ತಾರೆ. ಮರುದಿನ ಮೊದಲ ನೀರು ಅವರದು. ಕೆಂಪರಾಜು ಬಂದು ನಮ್ಮದನ್ನು ತಿರುಗಿಸುತ್ತಾರೆ. ಮುಖ ಆಕಾಶಕ್ಕೆ, ಕೈ ವಾಲ್ವಿಗೆ. ನಾನು ಕೇಳಿದೆ: “ಅಂಕಲ್, ಮಾತಿಲ್ಲ ಕಥೆಯಿಲ್ಲ, ಅವರ ನೀರನ್ನ ನೀವ್ಯಾಕೆ ಬಿಡ್ತೀರಿ? ಅವರೇ ಬಂದು ಬಿಟ್ಕೊಳ್ಳಲಿ.”

“ಅದ್ಯಾವ ಮಾತಮ್ಮ? ಯಾರ ಗದ್ದೆ ತುಂಬ್ತೋ ಅವನೇ ಹೋಗಿ ಇನ್ನೊಬ್ಬನಿಗೆ ಬದು ಒಡೀಬೇಕು. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇ. ಅವನು ಕಳ್ಳ ನನ್ಮಗ, ಅದು ಬೇರೆ. ನೀರೇನು ಮಾಡ್ತು?”

ಅಡುಗೆಮನೆಯಿಂದ ಮುನಿಲಕ್ಷ್ಮಮ್ಮ, “ಮೆತ್ತಗೆ ಮಾತಾಡಿ, ಆಯಪ್ಪ ಅಲ್ಲೇ ಹಲ್ಲುಜ್ಜುತ್ತಾವ್ನೆ” ಎಂದರು. “ಕೇಳ್ಲಿ ಅಂತಾನೇ ಕಣೇ ಹೇಳಿದ್ದು!”

ಹಾಗಾಗಿ ನನ್ನ ಸಲಹೆ: ‘ಪಾಳಿಗಾರ’ ಎಂಬ ಪದ ಹೇಗೆ?

ಶರಣಮ್ಮ


ಜಯನಗರ
8 ಫೆಬ್ರವರಿ 2025

ಮಾನ್ಯ ಶರಣಮ್ಮನವರೇ,

‘ಪಾಳಿಗಾರ’ ಬೇಡ. ಪಾಳೆಗಾರ ಎಂದು ಓದಿಕೊಂಡು ಜನ ಕೋಟೆ, ಕುದುರೆ ಹುಡುಕುತ್ತಾರೆ.

ಒಂದು ಪದಕ್ಕೆ ಒಂದೇ ಪದ ಕೊಡಬೇಕೆಂಬ ಹಟವನ್ನು ಬಿಟ್ಟರೆ ಹೀಗೆ ಬರೆಯಬಹುದು: “ಹುಟ್ಟುವ ಮೊದಲೇ ಅವರಿಬ್ಬರೂ ಒಂದೇ ಕಾಲುವೆಯ ನೀರಿಗೆ ನಿಂತವರು.”

‘ನೀರಿಗೆ ನಿಲ್ಲುವುದು’ ನಿಮ್ಮ ತಂದೆಯವರದು. ಅವರ ಕಾಲದ ಅಂಥ ಮಾತುಗಳು ಈಗ ಕೇಳಲು ಸಿಗುವುದಿಲ್ಲ.

ಸಂಜೀವಯ್ಯ


ಸುಬ್ರಹ್ಮಣ್ಯಪುರ
24 ಫೆಬ್ರವರಿ 2025

ಸಂಜೀವಯ್ಯನವರಿಗೆ ನಮಸ್ಕಾರ.

ಉತ್ತರಿಸಲು ತಡವಾಯಿತು, ಆಫೀಸಿನಲ್ಲಿ ಕೆಲಸ ಹೆಚ್ಚು. ನಿಮ್ಮ ಕಳೆದ ಪತ್ರ ಅಂಗೈಯಗಲ ಇತ್ತು. ವಾಲ್ವಿನ ಕಥೆಯನ್ನು ಅಷ್ಟುದ್ದ ಬರೆದು ನಿಮ್ಮ ಸಮಯ ಹಾಳು ಮಾಡಿದೆನೇನೋ.

ನಿಮ್ಮ ವಾಕ್ಯ ಚೆನ್ನಾಗಿದೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ತೋಚುತ್ತಿಲ್ಲ. ಆ ಕಾದಂಬರಿಗೆ ಒಳ್ಳೆಯದಾಗುತ್ತದೆ.

ಶರಣಮ್ಮ


ಜಯನಗರ
5 ಮಾರ್ಚ್ 2025

ಶರಣಮ್ಮನವರಿಗೆ,

ನಿನ್ನೆ ಬೆಳಗ್ಗೆ ಚೈತನ್ಯ ನಮ್ಮ ಮನೆಗೆ ಬಂದಿದ್ದರು. ಹೆಲ್ಮೆಟ್ ಕೂಡ ತೆಗೆಯದೆ ಬಾಗಿಲಲ್ಲೇ ಶುರು ಮಾಡಿದರು.

“ಏನ್ ಸಾರ್ ಇದು! ಫೆಬ್ರವರಿಯಲ್ಲಿ ನೀವು ಬರೀತೀರ, ‘ನಾನು ಹಿಂದೆ ಸರೀತೀನಿ, ಶರಣಮ್ಮನವರಿಗೇ ಕೊಡಿ’ ಅಂತ. ನಾನು ಖುಷಿಯಾಗಿ ಅವ್ರಿಗೆ ಫೋನ್ ಮಾಡೋಣ ಅನ್ನೋಷ್ಟರಲ್ಲಿ ಅವ್ರ ಮೇಲ್, ‘ಸಂಜೀವಯ್ಯನವರಿಗೇ ಕೊಡಿ’. ಇಬ್ರು ಇದ್ದಾಗ ಒಬ್ರನ್ನ ಬಿಡಕ್ಕೆ ನಂಗೆ ಕಷ್ಟ ಆಗಿತ್ತು. ಈಗ ಒಬ್ರೂ ಇಲ್ವಲ್ಲ ಸಾರ್! ಹಕ್ಕು ತಗೊಂಡು ಕೂತಿದೀನಿ, ಇಟಲಿಯೋರಿಗೆ ಏನ್ ಹೇಳ್ಲಿ?”

ನಾನು ಕೂರಿಸಿ ಕಾಫಿ ಕೊಟ್ಟೆ. ಪಾಪಯ್ಯನವರು ಕಿಟಕಿಯಿಂದ ನೋಡುತ್ತಿದ್ದರು.

ನಿಮಗೆ ಕಾರಣ ತಿಳಿಸುವುದು ನ್ಯಾಯ. ಈ ಕಾದಂಬರಿ ನನಗೆ ಬಹಳ ಬೇಕಾಗಿತ್ತು. ಆದರೆ ನಿಮ್ಮ ತಂದೆಯವರು ನಿಂತು ರೊಟ್ಟಿ ತಿಂದದ್ದನ್ನು ಓದಿದ ಮೇಲೆ ನನ್ನ ಮೂರು ಅಧ್ಯಾಯಗಳನ್ನು ತೆಗೆದು ನೋಡಿದೆ. ವ್ಯಾಕರಣ ಸರಿಯಾಗಿತ್ತು. ಎಲ್ಲಿಯೂ ನೀರು ಇರಲಿಲ್ಲ. ನಾನು ಗದ್ದೆಯನ್ನು ಪುಸ್ತಕಗಳಲ್ಲಿ ನೋಡಿದವನು. ಆ ದಿನದ ಪತ್ರ ಚಿಕ್ಕದಾದದ್ದು ಅದಕ್ಕೆ. ಹೆಚ್ಚು ಬರೆದಿದ್ದರೆ ನನ್ನ ನಿರ್ಧಾರ ಕದಲುತ್ತಿತ್ತು.

ಹೊರಡುವಾಗ ಚೈತನ್ಯ ಇನ್ನೊಂದು ಮಾತು ಹೇಳಿದರು. “ಪಾಪ ಆ ಹುಡುಗಿ, ಸ್ಕೂಟರಿಂದ ಬಿದ್ದು ಕಾಲು ಉಳುಕಿದ್ರೂ ಕೂತು ಆರು ಚಾಪ್ಟರ್ ಮಾಡಿದಾಳೆ ಸಾರ್.” ಯಾವ ಹುಡುಗಿ ಎಂದೆ. ನಿಮಗೆ ಇಪ್ಪತ್ತೊಂಬತ್ತು ವರ್ಷ ಎಂದರು.

ಎರಡು ತಿಂಗಳಿಂದ ನಿಮ್ಮ ಮಂಡಿಗೆ ಎಣ್ಣೆ ಹಚ್ಚಿಸುತ್ತಿದ್ದೇನೆ. ನಿಮ್ಮ ತಂದೆಯವರು ಗತಿಸಿ ಎಷ್ಟೋ ಕಾಲವಾಯಿತೆಂದು ತಿಳಿದಿದ್ದೆ. ಏನು ಬರೆಯಲಿ?

ಸಂಜೀವಯ್ಯ


ಸುಬ್ರಹ್ಮಣ್ಯಪುರ
9 ಮಾರ್ಚ್ 2025

ಪ್ರೀತಿಯ ಸಂಜೀವಯ್ಯನವರೇ,

ಏನೂ ಬರೆಯಬೇಡಿ. ನಮ್ಮಪ್ಪ ಗಟ್ಟಿಮುಟ್ಟಾಗಿ ಬದುವಿನ ಮೇಲೆ ನಿಂತಿದ್ದಾನೆ. ನಿಮ್ಮ ಪತ್ರವನ್ನು ಫೋನಿನಲ್ಲಿ ಓದಿ ಹೇಳಿದೆ. “ಯಾರವಾ ಆ ಸರ್ರು, ನನ್ನ ಸಾಯಿಸಿಬಿಟ್ಟಾರಲ್ಲ!” ಎಂದು ನಕ್ಕು ಕೆಮ್ಮಿದ. ಶರಣಮ್ಮ ನನ್ನ ಅಜ್ಜಿಯ ಹೆಸರು. ಎಲ್ಲರೂ ನನ್ನನ್ನು ನೋಡಿದ ಮೇಲೆ ಹೆಸರಿಗೆ ನಗುತ್ತಾರೆ. ನೀವೊಬ್ಬರು ಹೆಸರಿಗೆ ಮರ್ಯಾದೆ ಕೊಟ್ಟಿರಿ; ಸರಿಪಡಿಸಲು ಮನಸ್ಸಾಗಲಿಲ್ಲ.

ನಾನು ಬಿಟ್ಟುಕೊಟ್ಟದ್ದು ನಿಮ್ಮ ಒಂದೇ ವಾಕ್ಯಕ್ಕೆ. ಅದನ್ನು ಓದಿ ನನ್ನ ಆರು ಅಧ್ಯಾಯಗಳನ್ನು ತಿರುವಿಹಾಕಿದೆ. ನೀರು ಬೇಕಾದಷ್ಟಿತ್ತು, ವಾಕ್ಯಗಳಿಗೆ ಬದುವೇ ಇರಲಿಲ್ಲ. ಅಪ್ಪನ ಮಾತು ಹುಟ್ಟಿದಾಗಿನಿಂದ ನನ್ನ ಕಿವಿಯಲ್ಲಿದೆ. ಅದು ಎಲ್ಲಿ ಕೂರಬೇಕೆಂದು ತಿಳಿದದ್ದು ನಿಮಗೆ.

ನಿನ್ನೆ ಇದನ್ನೆಲ್ಲ ತಿಮ್ಮರಾಯಪ್ಪನವರಿಗೆ ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

“ನಮ್ದೇ ಕಥೆ ಇದು! ಹೋದ ವರ್ಷ ಬೇಸಿಗೇಲಿ ಕೆಂಪರಾಜನ ಮಗಳ ಮದುವೆ. ಮನೆ ತುಂಬ ಜನ, ಇರ್ಲಿ ಅಂತ ನಾನು ನನ್ನ ವಾಲ್ವ್ ಮುಚ್ದೆ, ಎಲ್ಲಾ ನೀರು ಅವನಿಗೇ ಹೋಗ್ಲಿ ಅಂತ. ಅವನಿಗೆ ಗೊತ್ತಾಯ್ತು. ಇವನ ಧರ್ಮ ನಂಗ್ಯಾಕೆ ಅಂತ ಅವನೂ ಮುಚ್ದ. ಮೋಟರು ಓಡ್ತಾ ಐತೆ. ಪೈಪು ಢಮಾರ್! ಇಬ್ರೂ ದೊಡ್ಮನುಷ್ಯರಾಗಕ್ಕೆ ಹೋಗಿ ನೀರೆಲ್ಲ ಮೋರಿಗೆ. ರೋಡಿನೋರೆಲ್ಲ ಗಾಡಿ ತೊಳ್ಕೊಂಡ್ರು.”

“ಮತ್ತೆ ಏನ್ ಮಾಡಿದ್ರಿ ಅಂಕಲ್?”

“ಇನ್ನೇನ್ ಮಾಡೋದು? ಮಾರನೇ ದಿನದಿಂದ ಮತ್ತೆ ಸರದಿ. ನೀವಿಬ್ರೂ ಓದ್ದೋರು, ಅಷ್ಟೂ ಗೊತ್ತಾಗಲ್ವಾ?”

ಕಾಂಪೌಂಡಿನ ಆಚೆಯಿಂದ ಕೆಂಪರಾಜು ಅವರ ದನಿ, ನನಗೇ ಹೇಳುವ ಹಾಗೆ: “ಮೊದಲು ಮುಚ್ಚಿದ್ದು ಯಾರು ಅಂತ ಸರಿಯಾಗಿ ಕೇಳ್ಕೊಳಮ್ಮ.”

ಅದಕ್ಕೇ ಕೇಳುತ್ತಿದ್ದೇನೆ. ಒಂದು ಅಧ್ಯಾಯ ನೀವು, ಒಂದು ನಾನು. ನಿಮ್ಮದು ಮುಗಿದ ಮೇಲೆ ನನ್ನ ಬಳಿ ಬರಲಿ. ನಾನು ತಿದ್ದಿ, ಮುಂದಿನದನ್ನು ಬರೆದು ನಿಮಗೆ ಕೊಡುತ್ತೇನೆ. ಪ್ರತಿ ಪುಟವೂ ಇಬ್ಬರ ಗದ್ದೆ ಹಾಯಲಿ. ಒಂದೇ ಷರತ್ತು: ಮುಗಿಸಿದವರು ತಾವೇ ತಂದು ಕೊಡಬೇಕು. ಅಂಚೆ ಇಲ್ಲ.

ಶರಣಮ್ಮ


ಜಯನಗರ
15 ಮಾರ್ಚ್ 2025

ಶರಣಮ್ಮ,

ಆಯ್ತು.

(ಇದನ್ನು ಫೋನಿನಲ್ಲಿ ಹೇಳಿದ್ದಲ್ಲ ಎಂಬುದನ್ನು ಗಮನಿಸಿ. ಎರಡು ದಿನ ಯೋಚಿಸಿ ಬರೆದದ್ದು.) ಚೈತನ್ಯರಿಗೆ ತಿಳಿಸಿದ್ದೇನೆ. ಅವರು ಮತ್ತೆ ನನ್ನ ಮುಖ ನೋಡುತ್ತಿದ್ದಾರೆ.

ಸಂಜೀವಯ್ಯ


ಜಯನಗರ
7 ಏಪ್ರಿಲ್ 2025

ಶರಣಮ್ಮ,

ಷರತ್ತಿನಂತೆ ಮೊದಲ ಅಧ್ಯಾಯ ಹಿಡಿದು ಶನಿವಾರ ನಿಮ್ಮ ಮನೆಗೆ ಬಂದೆ. ನಿಮಗೆ ಆಫೀಸಿನಿಂದ ಕರೆ ಬಂದು ಆಗಷ್ಟೇ ಹೋದಿರಂತೆ. ಕೊಟ್ಟು ಹೊರಡೋಣವೆಂದರೆ ತಿಮ್ಮರಾಯಪ್ಪನವರು ಬಿಡಲಿಲ್ಲ. “ನೀವೇನಾ ಆ ಎಳ್ಳೆಣ್ಣೆ ಸಾರು? ಕೂತ್ಕಳಿ. ಓದಿ ಅದೇನೈತೆ ಕೇಳೋಣ” ಎಂದರು.

ಓದಿದೆ. ಬ್ರೂನೋ ಎಲಿಯೋನ ಸರದಿಯ ನೀರನ್ನು ಕದಿಯುವಲ್ಲಿಗೆ ಬಂದಾಗ ಉಪ್ಪಿಟ್ಟು ಬಂತು, ನಿಲ್ಲಿಸಿದೆ. ಕಾಂಪೌಂಡಿನ ಆಚೆಯಿಂದ, “ಸಾರ್, ಆಮೇಲೆ ಏನಾಯ್ತಂತೆ?” ಅಲ್ಲಿ ಕುರ್ಚಿ ಹಾಕಿಕೊಂಡು ಕೆಂಪರಾಜು ಕೇಳುತ್ತಿದ್ದರು.

ತಿಮ್ಮರಾಯಪ್ಪನವರು ನನಗೆ ಹೇಳಿದರು: “ಸಾರ್, ಕೇಳೋನು ಈಚೆ ಬಂದು ಕೇಳ್ಬೇಕು ಅನ್ನಿ.”

“ಸಾರ್, ಕರೆಯೋನು ಸರಿಯಾಗಿ ಕರೀಬೇಕು ಅನ್ನಿ.”

ನಾನು ಎರಡನ್ನೂ ದಾಟಿಸಿದೆ, ಒಂದು ಪದವನ್ನೂ ಬದಲಿಸದೆ. ಕೊನೆಗೆ ಮುನಿಲಕ್ಷ್ಮಮ್ಮನವರು ಉಪ್ಪಿಟ್ಟಿನ ಇನ್ನೊಂದು ತಟ್ಟೆಯನ್ನು ಗೋಡೆಯ ಮೇಲೆ ಇಟ್ಟುಬಂದರು. ಉಳಿದದ್ದನ್ನು ಜೋರಾಗಿ ಓದಬೇಕಾಯಿತು. ನನ್ನ ದನಿ ಇಷ್ಟು ದೂರ ಹೋಗುತ್ತದೆಂದು ತಿಳಿದಿರಲಿಲ್ಲ.

ಸಂಜೀವಯ್ಯ


ಸುಬ್ರಹ್ಮಣ್ಯಪುರ
21 ಸೆಪ್ಟೆಂಬರ್ 2025

ಸರ್,

ಕೊನೆಯ ಅಧ್ಯಾಯವನ್ನು ಮೊನ್ನೆ ನಿಮ್ಮ ಟೇಬಲಿನ ಮೇಲಿಟ್ಟು, ನೀವು ಮಾಡಿಕೊಟ್ಟ ಕಾಫಿ ಕುಡಿದು ಬಂದಮೇಲೂ ಈ ಪತ್ರ ಏಕೆಂದರೆ, ಎದುರಿಗೆ ಜಗಳ ಮಾಡಿದರೆ ನೀವು ‘ಆಯ್ತು’ ಎಂದುಬಿಡುತ್ತೀರಿ. ಜಗಳ ಇದು: ಮುಖಪುಟದಲ್ಲಿ ನಿಮ್ಮ ಹೆಸರು ಮೊದಲು ಬರಬೇಕು. ಚೈತನ್ಯ ಎಂದಿನಂತೆ “ನೀವಿಬ್ರೂ ಮಾತಾಡ್ಕೊಳ್ಳಿ” ಎಂದು ಜಾರಿಕೊಂಡಿದ್ದಾರೆ. ನೀವು ಹಿರಿಯರು. ಮೊದಲ ವಾಕ್ಯ ನಿಮ್ಮದು.

ಶರಣಮ್ಮ


ಜಯನಗರ
27 ಸೆಪ್ಟೆಂಬರ್ 2025

ಶರಣಮ್ಮ,

ಮೊದಲ ವಾಕ್ಯ ನಿಮ್ಮ ತಂದೆಯವರದು. ಆದ್ದರಿಂದ ನಿಮ್ಮ ಹೆಸರು ಮೊದಲು ಬರುವುದು ಸರಿ. ಕಾರಟಗಿಯ ಅರ್ಧ ಊರು ಕಾಯುತ್ತಿದೆ. ನನಗೆ ಕಾಯುವವರು ಪಾಪಯ್ಯನವರೊಬ್ಬರೇ.

ಆದರೆ ಇಬ್ಬರೂ ವಾಲ್ವ್ ಮುಚ್ಚಿದರೆ ಏನಾಗುತ್ತದೆಂದು ಈಗ ತಿಳಿದಿದೆ. ಹಾಗಾಗಿ ಸರದಿ. ಮೊದಲ ಮುದ್ರಣಕ್ಕೆ ನಿಮ್ಮ ಮಾತು ನಡೆಯಲಿ, ನನ್ನ ಹೆಸರು ಮೇಲೆ. ಎರಡನೆಯ ಮುದ್ರಣಕ್ಕೆ ನಿಮ್ಮದು. ಅನುವಾದಗಳಿಗೆ ಎರಡನೆಯ ಮುದ್ರಣ ಅಪರೂಪ ಎಂಬುದನ್ನು ಬಲ್ಲೆ. ಅದು ನನ್ನ ತಲೆನೋವು.

ಸಂಜೀವಯ್ಯ


ಸುಬ್ರಹ್ಮಣ್ಯಪುರ
2 ಡಿಸೆಂಬರ್ 2025

ಸರ್,

ಅಪ್ಪನ ಫೋನ್ ಬಂದಿತ್ತು. ಪುಸ್ತಕದ ಕಟ್ಟು ಕಾರಟಗಿ ತಲುಪಿದೆ. ಗುರುಸಿದ್ದ ಕಾಕಾ ಮೊದಲ ವಾಕ್ಯ ಓದಿಸಿಕೊಂಡು, “ಇದು ನಮ್ಮಿಬ್ಬರ ಬಗ್ಗೆ ಬರದದ್ದು, ಇಟಲಿ ಅಂತ ಸುಳ್ಳು ಹೇಳ್ಯಾರ” ಎಂದನಂತೆ. ಮುಖಪುಟದಲ್ಲಿ ನನ್ನ ಹೆಸರಿನ ಮೇಲಿರುವ ಸಂಜೀವಯ್ಯ ಯಾರು ಎಂದು ಕೇಳಿದವರಿಗೆಲ್ಲ ಅಪ್ಪ ಹೇಳುತ್ತಿರುವುದು: “ನನ್ನ ಸಾಯಿಸಿದ ಸರ್ರು.”

ಜಯನಗರದ ಪುಸ್ತಕದಂಗಡಿಯಲ್ಲಿ ಯಾರೋ ಹಿರಿಯರು ಬಂದವರಿಗೆಲ್ಲ ಒಂದು ಇಂಗ್ಲಿಷ್ ಪದದ ಲ್ಯಾಟಿನ್ ಮೂಲ ಹೇಳಿ ನಮ್ಮ ಪುಸ್ತಕ ಕೊಳ್ಳುವಂತೆ ಮಾಡುತ್ತಿದ್ದಾರೆಂದು ಚೈತನ್ಯ ಹೇಳಿದರು. ಅಂಗಡಿಯವರಿಗೆ ಅವರ ಗುರುತು ಸಿಗಲಿಲ್ಲವಂತೆ. ನಿಮಗೇನಾದರೂ ಗೊತ್ತೇ?

ಶರಣಮ್ಮ


ಜಯನಗರ
19 ಜನವರಿ 2026

ಶರಣಮ್ಮ,

ಅಂಗಡಿಯ ಹಿರಿಯರ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಇವತ್ತು ಬೆಳಗ್ಗೆ ಕತ್ರಿಗುಪ್ಪೆಗೆ ಹೋಗಿದ್ದೆ. ಫೋನಿನಲ್ಲಿ ಹೇಳಿದರೆ ಸಾಕಿತ್ತು, ಆದರೆ ಇದು ನಾನೇ ಹೋಗಿ ಮಾಡಬೇಕಾದ ಕೆಲಸ. ಮೂರನೇ ಮಹಡಿ ಹತ್ತಿದೆ. ಮಂಡಿ ನೋಯಿತು, ಎಳ್ಳೆಣ್ಣೆ ಹಚ್ಚಿದ್ದೇನೆ. ಚೈತನ್ಯರ ಕಂಪ್ಯೂಟರಿನ ಪಕ್ಕದಲ್ಲಿ ಕೂತು, ಮುಖಪುಟದಲ್ಲಿ ನನ್ನ ಹೆಸರನ್ನು ಕೆಳಗಿಳಿಸಿ ನಿಮ್ಮದನ್ನು ಮೇಲೆ ತರುವವರೆಗೂ ಏಳಲಿಲ್ಲ. ಎರಡನೆಯ ಮುದ್ರಣ ನಾಳೆ ಪ್ರೆಸ್ಸಿಗೆ ಹೋಗುತ್ತದೆ.

ನನ್ನ ಗದ್ದೆ ತುಂಬಿತು. ಬದು ಒಡೆದಿದ್ದೇನೆ. ನೀರು ನಿಮ್ಮ ಕಡೆ ಬರುತ್ತಿದೆ, ನಿಂತುಕೊಳ್ಳಿ.

ಸಂಜೀವಯ್ಯ